ಇಸವಿಯ ಕೆಳಗೊಂದು ಚುಕ್ಕೆ

ಮೊನ್ನೆ ಒಬ್ಬರು ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ನಾಣ್ಯ ಇಟ್ಟರು. 2012ರ 5 ರೂಪಾಯಿ, ಮೇಲೆ ವೈಷ್ಣೋದೇವಿಯ ಚಿತ್ರ. ‘ಇದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ ಸರ್, ಮೊಬೈಲಲ್ಲಿ ನೋಡಿದೆ’ ಅಂದರು. ಚಲಾವಣೆಯಲ್ಲಿ ಓಡಾಡಿ ಸವೆದ ಆ ನಾಣ್ಯದ ಬೆಲೆ ಹೆಚ್ಚುಕಮ್ಮಿ ಅದರ ಮೇಲೆ ಬರೆದಷ್ಟೇ. ಇದನ್ನು ಹೇಳುವಾಗ ನನಗೇ ಬೇಜಾರಾಗುತ್ತದೆ. ನಾಣ್ಯ ಪರೀಕ್ಷೆ ನನ್ನ ಕಸುಬು, ಮುಕ್ಕಾಲು ದಿನ ಇದೇ ಮಾತು.

ಹಾಗಂತ ಚಿಲ್ಲರೆಯಲ್ಲಿ ಏನೂ ಸಿಗುವುದಿಲ್ಲ ಎಂದಲ್ಲ. ನೋಡುವ ಜಾಗ ಬೇರೆ, ಅಷ್ಟೇ. ಎಲ್ಲರೂ ಚಿತ್ರ ನೋಡುತ್ತಾರೆ. ನೀವು ಇಸವಿಯ ಕೆಳಗೆ ನೋಡಿ.

ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆಗಳಿವೆ. ಇಸವಿಯ ಕೆಳಗೆ ವಜ್ರದಾಕಾರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ವರ್ಷ, ಒಂದೇ ವಿನ್ಯಾಸವಾದರೂ ಒಂದು ಟಂಕಸಾಲೆಯದು ರಾಶಿ ರಾಶಿ ಸಿಗುತ್ತದೆ, ಇನ್ನೊಂದರದು ಹುಡುಕಿದರೂ ಸಿಗದೆ ಇರಬಹುದು. ಸಂಗ್ರಹಕಾರರು ಪಟ್ಟಿ ಇಟ್ಟುಕೊಂಡು ತುಂಬಿಸುವುದು ಈ ಖಾಲಿ ಜಾಗಗಳನ್ನೇ. ಬೇರೆ ದೇಶದ ಗುರುತುಗಳೂ ಇವೆ. 1985ರಲ್ಲಿ ನಮ್ಮವರಿಗೆ ನಾಣ್ಯ ಸಾಲದೆ ಹೊರದೇಶದಲ್ಲಿ ಹೊಡೆಸಿದರು. ಆ ವರ್ಷದ 1 ರೂಪಾಯಿಯಲ್ಲಿ ‘ಎಚ್’ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು.

ಹೊಸಬರು ಎಡವುವುದು ಇಲ್ಲಿಯೇ. ನಕ್ಷತ್ರದ ಸಂದಿಯಲ್ಲಿ ಕೊಳೆ ಕೂತರೆ ಅದು ಚುಕ್ಕೆಯಂತೆ ಕಾಣುತ್ತದೆ. ಚುಕ್ಕೆ ಸವೆದು ಹೋದರೆ ಏನೂ ಇಲ್ಲದಂತೆ ಕಾಣುತ್ತದೆ. ನೋಯ್ಡಾದ ನಾಣ್ಯವನ್ನು ಕೋಲ್ಕತ್ತಾದ್ದು ಎಂದು ಹಿಡಿದುಕೊಂಡು ಬಂದವರು ಎಷ್ಟೋ ಮಂದಿ. ನಾಣ್ಯವನ್ನು ಬೆಳಕಿಗೆ ನೇರ ಹಿಡಿಯಬೇಡಿ. ಸ್ವಲ್ಪ ಓರೆ ಮಾಡಿ, ನಿಧಾನಕ್ಕೆ ತಿರುಗಿಸಿ. ಸವೆದ ಚುಕ್ಕೆಯೂ ಒಂದು ಕೋನದಲ್ಲಿ ಸಣ್ಣ ನೆರಳು ಬಿಟ್ಟುಕೊಡುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಸಾಕು. ಅದಕ್ಕಿಂತ ಜಾಸ್ತಿ ಬೇಡ, ಗೀರುಗಳೆಲ್ಲ ಗುಡ್ಡದಂತೆ ಕಂಡು ತಲೆ ಕೆಡುತ್ತದೆ.

ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತವೂ ಇರಲಿ. ಹಳೆಯ ದಪ್ಪ 5 ರೂಪಾಯಿ ನೆನಪಿದೆಯಲ್ವಾ? ಅಂಗೈಗೆ ಭಾರ ಅನ್ನಿಸುತ್ತಿತ್ತು. ಅದು ತಾಮ್ರ ಮತ್ತು ನಿಕ್ಕಲ್ ಬೆರೆಸಿದ್ದು, 9 ಗ್ರಾಂ, ಅಯಸ್ಕಾಂತಕ್ಕೆ ಅಂಟುವುದಿಲ್ಲ. 2007ರಲ್ಲಿ ಬಂದ ಉಕ್ಕಿನದು 6 ಗ್ರಾಂ, ಟಕ್ ಅಂತ ಅಂಟಿಕೊಳ್ಳುತ್ತದೆ. ದಪ್ಪನೆಯದು ಈಗ ಕೈಗೆ ಸಿಗುವುದು ಕಡಿಮೆ. ಲೋಹದ ಆಸೆಗೆ ಗಡಿ ದಾಟಿಸಿ, ಕರಗಿಸಿ, ಕ್ಷೌರದ ಬ್ಲೇಡು ಮಾಡುತ್ತಿದ್ದಾರೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸ್ಮರಣಾರ್ಥ ನಾಣ್ಯಗಳೂ ಚಿಲ್ಲರೆಯಲ್ಲಿ ಬರುತ್ತವೆ: 2006ರ ಬಸವೇಶ್ವರರ 5 ರೂಪಾಯಿ, 2009ರ ಲೂಯಿ ಬ್ರೈಲ್ 2 ರೂಪಾಯಿ. ನೋಡಲು ಚೆಂದ. ಮಕ್ಕಳಿಗೆ ಈ ಹವ್ಯಾಸ ಹತ್ತಿಸುವುದಾದರೆ ನಾನು ಇವುಗಳಿಂದಲೇ ಶುರು ಮಾಡಿಸುತ್ತೇನೆ.

ಈಗ ತಪ್ಪಾಗಿ ಅಚ್ಚಾದ ನಾಣ್ಯಗಳ ವಿಷಯ. ಆಸೆಯೂ ಜಾಸ್ತಿ, ಮೋಸವೂ ಜಾಸ್ತಿ. 10 ರೂಪಾಯಿಯ ನಡುವಿನ ಬಿಲ್ಲೆಯನ್ನು ಬಡಿದು ತೆಗೆದು, ತಿರುಗಿಸಿ ಕೂರಿಸಿ, ‘ಟಂಕಸಾಲೆಯ ತಪ್ಪು’ ಎಂದು ಮಾರುವವರಿದ್ದಾರೆ. ಎರಡು ಲೋಹ ಸೇರುವ ಗೆರೆಯನ್ನು ಮಸೂರದಲ್ಲಿ ನೋಡಿದರೆ ಬಡಿದ ಗಾಯ ಕಾಣುತ್ತದೆ.

ಅಂಚು ಕಚ್ಚಿದಂತಿರುವ ನಾಣ್ಯಕ್ಕೆ ಬೇರೆ ಪರೀಕ್ಷೆ. ಲೋಹದ ಹಾಳೆಯಿಂದ ಬಿಲ್ಲೆಗಳನ್ನು ಕತ್ತರಿಸುವಾಗ ಹಾಳೆ ಸರಿಯಾಗಿ ಮುಂದೆ ಸರಿಯದಿದ್ದರೆ, ಹಿಂದೆ ಕತ್ತರಿಸಿದ ತೂತು ಹೊಸ ಬಿಲ್ಲೆಯೊಳಗೆ ಬಂದುಬಿಡುತ್ತದೆ. ಆಮೇಲೆ ಆ ಬಿಲ್ಲೆಯ ಅಂಚನ್ನು ಒತ್ತಿ ಎಬ್ಬಿಸುತ್ತಾರೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಅದರ ನೇರ ಎದುರಿನ ಕಡೆಯೂ ಒತ್ತಡ ಬೀಳುವುದಿಲ್ಲ. ಹಾಗಾಗಿ ನಿಜವಾದ ತಪ್ಪು ನಾಣ್ಯದಲ್ಲಿ, ಕಚ್ಚಿದ ಜಾಗದ ಎದುರಿನ ಅಂಚು ಮಸುಕಾಗಿ, ಚಪ್ಪಟೆಯಾಗಿ ಇರುತ್ತದೆ. ಅರದಿಂದ ಉಜ್ಜಿ ಮಾಡಿದ್ದರಲ್ಲಿ ಎದುರಿನ ಅಂಚು ಗಟ್ಟಿಯಾಗಿ ಎದ್ದು ನಿಂತಿರುತ್ತದೆ. ಉಜ್ಜಿದವನು ಈ ಕಡೆಯ ಮೇಲೆ ಮಾತ್ರ ಗಮನ ಇಟ್ಟಿರುತ್ತಾನೆ, ಪಾಪ.

ತೊಳೆಯುವ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಬ್ಬ ಅಜ್ಜಿ ಹುಂಡಿ ಒಡೆದು, ನಾಣ್ಯಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಸಿ ತಂದಿದ್ದರು. ‘ಕೊಳಕಾಗಿದ್ದವು ಕಣಪ್ಪಾ, ನಿನಗೆ ಹೇಗೆ ಕೊಡೋದು?’ ಅಂದರು. ಅದರಲ್ಲಿ ಮೇಲೆ ಹೇಳಿದ ‘ಎಚ್’ ಗುರುತಿನದೂ ಒಂದಿತ್ತು. ಮಸೂರದಲ್ಲಿ ನೋಡಿದರೆ ಮೈಯೆಲ್ಲ ಕೂದಲೆಳೆಯಂಥ ಗೀರು. ಮೂಲದ ಹೊಳಪು ಮತ್ತೆ ಬರುವುದಿಲ್ಲ, ಸಂಗ್ರಹಕಾರರು ಅಂಥದ್ದನ್ನು ಪಕ್ಕಕ್ಕಿಡುತ್ತಾರೆ. ಅಜ್ಜಿಗೆ ಕಾಫಿ ಕೊಟ್ಟೆ, ಗೀರಿನ ಮಾತು ಎತ್ತಲಿಲ್ಲ. ನೀವು ಮಾತ್ರ ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಒಣಗಿದ ಕಾಗದದ ಲಕೋಟೆಯಲ್ಲಿಡಿ, ಸುಮ್ನೆ ತಿಕ್ಕಬೇಡಿ.

ಮಾರುವ ಮನಸ್ಸಾದರೆ ಒಂದು ಎಚ್ಚರಿಕೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಹಾಕಿಕೊಂಡು ‘ನಿಮ್ಮ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಳಿಸಿ’ ಎನ್ನುವವರಿದ್ದಾರೆ. ಇಂಥ ವ್ಯವಹಾರ ತಾನು ಮಾಡುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ವೈಷ್ಣೋದೇವಿ ನಾಣ್ಯ ತಂದವರಿಗೂ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡು ಸಾವಿರ ಕಳಿಸಿಬಿಟ್ಟಿದ್ದೀನಲ್ಲ ಸರ್’ ಅಂದರು.