ಉಳಿಸಿಕೊಳ್ಳುವುದು ಏನನ್ನು?

ಉತ್ತರ ಪತ್ರಿಕೆ ತಿದ್ದಲು ಕೂತಾಗಲೆಲ್ಲ ಈ ಸಾಲು ಎದುರಾಗುತ್ತದೆ: 'ಸಂಪ್ರದಾಯವಾದ ಎಂದರೆ ಬದಲಾವಣೆಯನ್ನು ವಿರೋಧಿಸುವ ಸಿದ್ಧಾಂತ.' ಅರ್ಧ ಅಂಕ ಹಾಕಿ ಪುಟ ತಿರುವುತ್ತೇನೆ. ತಪ್ಪು ಪೂರ್ತಿ ಮಕ್ಕಳದ್ದೂ ಅಲ್ಲ. ಮಡಿವಂತಿಕೆಗೂ ಒಂದು ರಾಜಕೀಯ ಚಿಂತನೆಗೂ ನಾವು ಒಂದೇ ಪದ ಬಳಸುತ್ತೇವೆ. ಕನ್ಸರ್ವೇಟಿವ್ ಅನ್ನುವುದರೊಳಗಿನ 'ಉಳಿಸಿಕೊಳ್ಳುವುದು' ಕನ್ನಡಕ್ಕೆ ಬರುವಷ್ಟರಲ್ಲಿ ಕಳೆದುಹೋಗಿದೆ.

ತರಗತಿಯಲ್ಲಿ ನಾನು ಶುರು ಮಾಡುವುದು ಎಡ್ಮಂಡ್ ಬರ್ಕ್‌ನಿಂದ. ಐರ್ಲೆಂಡಿನಲ್ಲಿ ಹುಟ್ಟಿದವನು, ಬ್ರಿಟಿಷ್ ಸಂಸತ್ತಿನಲ್ಲಿ ವಿಗ್ ಪಕ್ಷದವನು, ಅಂದರೆ ರಾಜನ ಅಧಿಕಾರಕ್ಕೆ ಮಿತಿ ಬೇಕೆನ್ನುವವರ ಕಡೆಯವನು. ಅಮೆರಿಕದ ವಸಾಹತುಗಳ ಜೊತೆ ರಾಜಿ ಮಾಡಿಕೊಳ್ಳಿ ಎಂದು 1775ರಲ್ಲಿ ವಾದಿಸಿದ. ಭಾರತದಲ್ಲಿ ಅನ್ಯಾಯದ ಆಡಳಿತ ನಡೆಸಿದನೆಂದು ವಾರನ್ ಹೇಸ್ಟಿಂಗ್ಸ್‌ನನ್ನು ಮೇಲ್ಮನೆಯ ಮುಂದೆ ನಿಲ್ಲಿಸಿದ. 1788ರಲ್ಲಿ ಶುರುವಾದ ಆ ವಿಚಾರಣೆ 1795ರವರೆಗೆ ಎಳೆದು, ಹೇಸ್ಟಿಂಗ್ಸ್ ಖುಲಾಸೆಯಾದ. ಅದೇ ಬರ್ಕ್ 1790ರಲ್ಲಿ ಫ್ರೆಂಚ್ ಕ್ರಾಂತಿಯ ವಿರುದ್ಧ ಪುಸ್ತಕ ಬರೆದ. ಕ್ರಾಂತಿಯನ್ನು ಮೆಚ್ಚಿದ್ದ ಹಳೆಯ ಗೆಳೆಯ, ವಿಗ್ ನಾಯಕ ಫಾಕ್ಸ್ ಮರುವರ್ಷವೇ ದೂರವಾದ.

ನನಗಂತೂ ಇದರಲ್ಲಿ ಪಕ್ಷಾಂತರ ಕಾಣುವುದಿಲ್ಲ. ಬರ್ಕ್‌ನ ಕಣ್ಣಿನಲ್ಲಿ ವಸಾಹತಿನವರು ಕೇಳಿದ್ದು ತಲೆತಲಾಂತರದಿಂದ ಬಂದ ಹಕ್ಕು. ಪ್ಯಾರಿಸ್ಸಿನವರು ಇದ್ದದ್ದನ್ನೆಲ್ಲ ಕೆಡವಿ, ಬರೀ ತರ್ಕದ ನಕ್ಷೆ ಹಿಡಿದು ಕಟ್ಟಲು ಹೊರಟಿದ್ದರು. ಹಳೇ ಮನೆಯ ರಿಪೇರಿಗೆ ಬಂದ ಮೇಸ್ತ್ರಿ ಗೋಡೆಗೆ ಸುತ್ತಿಗೆ ಹಾಕುವ ಮುಂಚೆ ತಲೆಯೆತ್ತಿ ಸೂರು ನೋಡುತ್ತಾನಲ್ಲ, ಭಾರ ಎಲ್ಲಿ ಕೂತಿದೆ ಅಂತ? ಬರ್ಕ್ ಕೇಳಿದ್ದು ಅಷ್ಟೇ. ಒಡೆಯಲೇಬೇಡಿ ಅನ್ನಲಿಲ್ಲ. ಬದಲಾಗುವ ದಾರಿಯೇ ಇಲ್ಲದ ರಾಜ್ಯಕ್ಕೆ ಉಳಿಯುವ ದಾರಿಯೂ ಇಲ್ಲ ಎಂದು ಅದೇ ಪುಸ್ತಕದಲ್ಲಿ ಬರೆದ.

ಅದೇ ಕ್ರಾಂತಿಯನ್ನು ವಿರೋಧಿಸಿದ ಇನ್ನೊಬ್ಬ ಚಿಂತಕ ಜೋಸೆಫ್ ದ ಮೇಸ್ತ್ರ್ ಬೇರೆ ಜಾಯಮಾನದವನು. ರಾಜನೂ ಚರ್ಚೂ ಮರಳಿ ಬರಬೇಕು, ಅಷ್ಟೇ. ಇವನನ್ನು ಪ್ರತಿಗಾಮಿ ಅನ್ನುವುದು ಮೇಲು.

ಉಳಿಸಿಕೊಳ್ಳಲೆಂದೇ ಬದಲಾಯಿಸಿದವನು ಜರ್ಮನಿಯ ಬಿಸ್ಮಾರ್ಕ್. 1878ರಲ್ಲಿ ಸಮಾಜವಾದಿಗಳ ಸಂಘಟನೆಗಳನ್ನು ನಿಷೇಧಿಸಿದ. 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದ, 1889ರಲ್ಲಿ 70 ತುಂಬಿದವರಿಗೆ ಪಿಂಚಣಿ. ಕರುಣೆಗಿಂತ ಲೆಕ್ಕಾಚಾರವೇ ಮುಂದಿತ್ತು ಅನ್ನಿ. ಹಣ ಮಾತ್ರ ಕಾರ್ಮಿಕರ ಕೈ ಸೇರಿತು.

ನನ್ನ ವಿದ್ಯಾರ್ಥಿಗಳು ಹೆಚ್ಚು ಜಗಳವಾಡುವುದು ಮಾರ್ಗರೆಟ್ ಥ್ಯಾಚರ್ ವಿಷಯಕ್ಕೆ. ಕನ್ಸರ್ವೇಟಿವ್ ಪಕ್ಷದಿಂದ 1979ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಆಕೆ ಕುಟುಂಬ, ಶಿಸ್ತು, ದೇಶ ಎಂದರು. ಜೊತೆಗೆ ಮುಕ್ತ ಮಾರುಕಟ್ಟೆ ಎಂದರು. ಕಸುಬು, ನೆರೆಹೊರೆಗಳನ್ನು ಮಾರುಕಟ್ಟೆಯಷ್ಟು ಬೇಗ ಬುಡಮೇಲು ಮಾಡುವುದು ಬೇರೆ ಯಾವುದಿದೆ? ಕಲ್ಲಿದ್ದಲ ಗಣಿ ಮುಚ್ಚಿದ ಊರುಗಳಲ್ಲಿ ಉಳಿದದ್ದೇನು? ಆಕೆ ಮೆಚ್ಚಿಕೊಂಡಿದ್ದ ಅರ್ಥಶಾಸ್ತ್ರಜ್ಞ ಹಯೆಕ್‌ಗೆ ಈ ಬಿರುಕು ಮೊದಲೇ ಕಂಡಿತ್ತು. 1960ರ ತಮ್ಮ ಪುಸ್ತಕದ ಕೊನೆಗೆ ಸೇರಿಸಿದ ಪ್ರಬಂಧಕ್ಕೆ ಅವರು ಇಟ್ಟ ಹೆಸರು, 'ನಾನೇಕೆ ಕನ್ಸರ್ವೇಟಿವ್ ಅಲ್ಲ'.