ಅಜ್ಜನ ಚಾಕುವಿಗೆ ಹುಣಸೆಹಣ್ಣು ಹಚ್ಚಬೇಡಿ

ಟ್ರಂಕಿನ ತಳದಲ್ಲಿ ಅಜ್ಜನ ಮಡಚುವ ಚಾಕು ಸಿಕ್ಕಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ, ಆಮೇಲೆ ಸಾಣೆಯವನಿಗೆ ಕೊಡುತ್ತಾರೆ. ಅಷ್ಟಾದ ಮೇಲೆ ಬೆಲೆ ಕೇಳಿದರೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಹುಳಿ ಉಕ್ಕನ್ನು ತಿನ್ನುತ್ತದೆ, ಅಲಗಿನ ಬುಡದಲ್ಲಿ ತಯಾರಕರು ಒತ್ತಿದ ಅಚ್ಚು ಮಸುಕಾಗುತ್ತದೆ. ಚಾಕುವಿನ ಜಾತಕ ಇರುವುದೇ ಆ ಅಚ್ಚಿನಲ್ಲಿ.

ಅಲಗು ಬಿಚ್ಚಿ, ಅದು ಹಿಡಿಯೊಳಗೆ ಸೇರುವ ಜಾಗದ ಮೇಲೆ ಬೆಳಕನ್ನು ಓರೆಯಾಗಿ ಬೀಳಿಸಿ ಭೂತಗನ್ನಡಿಯಲ್ಲಿ ನೋಡಿ. ಬ್ರಿಟಿಷರ ಕಾಲದ ಚಾಕುಗಳಲ್ಲಿ ಹೆಸರುವಾಸಿಯಾದದ್ದು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಆಂಡ್ ಸನ್ಸ್ ಕಂಪನಿಯದು. ನಕ್ಷತ್ರ ಮತ್ತು ತೋಳುಗಳು ತುದಿಗೆ ಅಗಲವಾಗುವ ಮಾಲ್ಟೀಸ್ ಶಿಲುಬೆ ಅದರ ಗುರುತು, ನಂ. 6 ನಾರ್ಫೋಕ್ ಸ್ಟ್ರೀಟ್ ಅದರ ಆಗಿನ ವಿಳಾಸ. ಕಿರೀಟದ ಪಕ್ಕ ‘ವಿ ಆರ್’ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ‘ಜಿ ಆರ್’ ಕಂಡಾಗ ಎಡವುವವರೇ ಹೆಚ್ಚು. ಅದು 1820ರ ದಶಕದ ನಾಲ್ಕನೆಯ ಜಾರ್ಜ್ ಇರಬಹುದು, 1910ರ ನಂತರದ ಜಾರ್ಜರೂ ಇರಬಹುದು. ಜೊತೆಗೆ ‘ಇಂಗ್ಲೆಂಡ್’ ಎಂದಿದ್ದರೆ ಈಚಿನದೆಂದೇ ತಿಳಿಯಿರಿ. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಸುಂಕ ಕಾಯ್ದೆ ಹೇಳಿದ ಮೇಲೆ ಆ ಪದ ವಾಡಿಕೆಗೆ ಬಂತು. ರಾಜರ್ಸ್ ಹೆಸರಿದ್ದೂ ಗುರುತು ಬೇರೆ ಇರುವ ಚಾಕುಗಳೂ ಉಂಟು, ಹೆಸರೊಂದನ್ನೇ ನಂಬಬೇಡಿ.

ಇನ್ನು ಹಿಡಿ. ಮಾರಬಹುದೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಇದೇ. ಆನೆದಂತದ ಹಿಡಿಯ ಕೊನೆಯಲ್ಲಿ, ಅಡ್ಡಕೊಯ್ತ ಕಾಣುವ ಕಡೆ, ಒಂದನ್ನೊಂದು ಹಾಯುವ ಬಾಗಿದ ಗೆರೆಗಳಿರುತ್ತವೆ. ಮೂಳೆಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಯಂತ್ರ ಎಳೆದಂತೆ ಸಮನಾದ ಗೆರೆಗಳಿದ್ದರೆ ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಪ್ಲಾಸ್ಟಿಕ್. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸುವ ಸಾಹಸ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ದಂತವೂ ಕಡವೆ ಕೊಂಬೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. 1991ರ ತಿದ್ದುಪಡಿ ಹೊರದೇಶದ ದಂತದ ವ್ಯಾಪಾರವನ್ನೂ ನಿಲ್ಲಿಸಿತು. ಮಾರುವುದಿರಲಿ, ಇಟ್ಟುಕೊಳ್ಳುವುದಕ್ಕೂ ಮಾಲೀಕತ್ವದ ಪ್ರಮಾಣಪತ್ರದ ಪ್ರಶ್ನೆ ಏಳುತ್ತದೆ. 2023ರ ಹುಲಿ ಉಗುರಿನ ಗದ್ದಲ ನೆನಪಿದ್ದವರು ಫೋಟೋ ಹಾಕಿ ‘ಮಾರಾಟಕ್ಕಿದೆ’ ಎನ್ನುವ ಮೊದಲು ವಕೀಲರನ್ನು ಕೇಳುವುದು ಲೇಸು. ಮರ, ಮೂಳೆ, ಸೆಲ್ಯುಲಾಯ್ಡ್ ಹಿಡಿಗಳಿಗೆ ಈ ತಲೆನೋವಿಲ್ಲ.

ಹಳೆಯ ಉಕ್ಕಿನ ಬೂದು-ಕಪ್ಪು ಬಣ್ಣ ಕೊಳೆಯಲ್ಲ, ಅದನ್ನು ಹಾಗೇ ಬಿಡಿ. ಬೆರಳಿಗೆ ಪುಡಿಯಾಗಿ ಅಂಟುವ ಕೆಂಪು ತುಕ್ಕು ಮಾತ್ರ ಹೋಗಬೇಕು. ಆ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು 24 ಗಂಟೆ ಇಡಿ. ಆಮೇಲೆ ಬಿದಿರುಕಡ್ಡಿಯಿಂದಲೋ ತಾಮ್ರದ ಚೂರಿನ ಅಂಚಿನಿಂದಲೋ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳದು. ಮರಳು ಕಾಗದ ಹತ್ತಿರ ತರಬೇಡಿ. ಅಲಗು ತಿರುಗುವ ಕೀಲಿಗೂ ಅದೇ ಎಣ್ಣೆ ಒಂದೇ ಹನಿ ಸಾಕು. ಕೊಬ್ಬರಿ ಎಣ್ಣೆ ಕಾಲಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಅಲಗು ಅಲ್ಲಾಡುತ್ತದೆಂದು ಪಿನ್ನಿಗೆ ಸುತ್ತಿಗೆ ಏಟು ಕೊಟ್ಟರೆ ಹಿಡಿ ಸೀಳುತ್ತದೆ.

ಚರ್ಮದ ಚೀಲದಲ್ಲಿ ಇಡಬಾರದು. ಚರ್ಮ ತೇವ ಹಿಡಿಯುತ್ತದೆ, ಹದಮಾಡಿದ ಆಮ್ಲದ ಶೇಷವೂ ಅದರಲ್ಲಿರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕಂತೂ ಒಣಬಟ್ಟೆ, ಮುಚ್ಚಳದ ಡಬ್ಬಿ, ಎರಡು ಸಿಲಿಕಾ ಜೆಲ್ ಪೊಟ್ಟಣ ಬೇಕು. ಸೆಲ್ಯುಲಾಯ್ಡ್ ಹಿಡಿಯದನ್ನು ಮಾತ್ರ ಬೇರೆಯಾಗಿ, ಗಾಳಿಯಾಡುವಂತೆ ಇಡಿ. ಅದು ಹಾಳಾಗುವಾಗ ಹೊರಬಿಡುವ ಆಮ್ಲದ ಆವಿ ಪಕ್ಕದ ಚಾಕುವಿಗೂ ತುಕ್ಕು ಹಿಡಿಸುತ್ತದೆ.

ಬೆಲೆಯ ಲೆಕ್ಕ ಅಲಗಿನ ಅಗಲದಿಂದ ಶುರು. ಸಾಣೆಗೆ ಸವೆದ ಅಲಗು ಬುಡದ ಹತ್ತಿರ ಮೆಟ್ಟಿಲಿನಂತೆ ಒಳಸರಿದಿರುತ್ತದೆ. ಉಗುರು ಸಿಕ್ಕಿಸುವ ಗೀರಿನಿಂದ ಬಾಯಿಯ ತನಕ ಜಾಗವೇ ಉಳಿದಿರುವುದಿಲ್ಲ. ಬಿಚ್ಚುವಾಗ, ಮಡಚುವಾಗ ಸ್ಪ್ರಿಂಗ್ ‘ಟಕ್’ ಎನ್ನಬೇಕು. ಆನ್‌ಲೈನ್ ಹರಾಜಿನಲ್ಲಿ ಕೇಳಿದ ಬೆಲೆ ನೋಡಿ ಹಿಗ್ಗಬೇಡಿ, ಮಾರಾಟವಾಗಿ ಮುಗಿದವುಗಳ ಬೆಲೆ ನೋಡಿ. ಹೆಸರು ದೊಡ್ಡದಿದ್ದರೂ ಸವೆದ ಎರಡಲಗಿನ ಸಾಮಾನ್ಯ ಚಾಕುವಿಗೆ ದೊಡ್ಡ ಮೊತ್ತ ಸಿಗುವುದಿಲ್ಲ. ಅಂಥದ್ದನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ವಾಸಿ.

ಮಾರುವುದಾದರೆ ಐದು ಫೋಟೋ ಬೇಕು: ಎರಡೂ ಬದಿ, ಬುಡದ ಅಚ್ಚು, ಬೆನ್ನು, ಮಡಚಿದ ಸ್ಥಿತಿ. ಜೊತೆಗೆ ಸ್ಕೇಲ್ ಇಟ್ಟು ಮಡಚಿದಾಗಿನ ಉದ್ದ ತೋರಿಸಿ. ಬಿರುಕಿದ್ದರೆ ಅದರದೂ ಒಂದು. ವಿಮಾನದಲ್ಲಿ ಒಯ್ಯುವವರು ಕೈಚೀಲದಲ್ಲಿ ಇಟ್ಟರೆ ಭದ್ರತಾ ತಪಾಸಣೆಯಲ್ಲೇ ಕಳೆದುಕೊಳ್ಳುತ್ತೀರಿ.