ಸಾಗರತಳದ ಅಂತರಿಕ್ಷ ಧೂಳು: ನಿಕಲ್ ಕಾಣದ ಗೋಳಗಳನ್ನು ಅರ್ಥಮಾಡಿಕೊಳ್ಳುವುದು

1872ರಿಂದ 1876ರವರೆಗೆ ಸಾಗರಗಳನ್ನು ಶೋಧಿಸಿದ ಚಾಲೆಂಜರ್ ಹಡಗು ಆಳದಿಂದ ಎತ್ತಿ ತಂದ ಕೆಂಪು ಜೇಡಿಯಲ್ಲಿ ಅಯಸ್ಕಾಂತಕ್ಕೆ ಅಂಟಿಬಂದ ಸಣ್ಣ ಕಪ್ಪು ಗೋಳಗಳನ್ನು ಆ ಯಾನದ ನಿಸರ್ಗವಿಜ್ಞಾನಿ ಜಾನ್ ಮರ್ರೆ ಗುರುತಿಸಿದರು, ಅವು ಬಾಹ್ಯಾಕಾಶದಿಂದ ಬಂದವೆಂದೂ ವಾದಿಸಿದರು. ಖಂಡಗಳಿಂದ ದೂರದ ತಳದಲ್ಲಿ ಈ ಜೇಡಿ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಸೇರುವುದರಿಂದ, ಇಂಥ ಗೋಳಗಳಾಗಿ ಬೀಳುವ ಅಂತರಿಕ್ಷ ಧೂಳಿನೊಂದಿಗೆ ಬೆರೆಯುವ ಮಣ್ಣು ಕಡಿಮೆ, ಹಾಗಾಗಿ ಧೂಳಿನ ಪಾಲು ಹೆಚ್ಚು. ಗೋಳಗಳಲ್ಲಿ ಶಿಲಾಮಯ, ಕಬ್ಬಿಣಮಯ ಮತ್ತು ಇವೆರಡರ ನಡುವಿನ ಗಾಜುಮಿಶ್ರಿತ ಎಂಬ ಮೂರು ಬಗೆಗಳಿವೆ.

ಕಬ್ಬಿಣಮಯ ಗೋಳಗಳ ವಿಷಯದಲ್ಲಿಯೇ ನಿಧಾನವಾಗಿ ಓದಬೇಕು. ಉಲ್ಕಾಲೋಹದಲ್ಲಿ ನಿಕಲ್ ಇದ್ದೇ ಇರುತ್ತದೆ ಎಂದು ಓದಿಕೊಂಡವರಿಗೆ, ಕೆಲವು ಗೋಳಗಳ ಕಪ್ಪು ಚಿಪ್ಪಿನಲ್ಲಿ ನಿಕಲ್ ಬಹಳ ಕಡಿಮೆ ಎಂದು ತಿಳಿದಾಗ, ಅವು ಭೂಮಿಯವೇ ಇರಬೇಕೆಂಬ ಅನುಮಾನ ಬರುವುದು ಸಹಜ. ಉತ್ತರ ವಾಯುಮಂಡಲದಲ್ಲಿದೆ. ಸೆಕೆಂಡಿಗೆ ಕನಿಷ್ಠ 11 ಕಿಲೋಮೀಟರ್ ವೇಗದಲ್ಲಿ ಒಳನುಗ್ಗುವ ಲೋಹದ ಕಣ ಕರಗಿ ಹನಿಯಾಗುತ್ತದೆ, ಗಾಳಿಯ ಆಮ್ಲಜನಕ ಅದರೊಳಗೆ ಸೇರತೊಡಗುತ್ತದೆ. ಆಮ್ಲಜನಕದೊಂದಿಗೆ ಕೂಡುವ ಒಲವು ನಿಕಲ್‌ಗಿಂತ ಕಬ್ಬಿಣಕ್ಕೆ ಹೆಚ್ಚು. ಆದ್ದರಿಂದ ಕಬ್ಬಿಣ ಮೊದಲು ಆಕ್ಸೈಡ್ ಆಗಿ ಹೊರಚಿಪ್ಪಾಗುತ್ತದೆ, ನಿಕಲ್ ಮಾತ್ರ ಉಳಿದ ಲೋಹದಲ್ಲಿಯೇ ನಿಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಳಗೆ ನಿಕಲ್ ಹೊಸದಾಗಿ ಸೇರುವುದಿಲ್ಲ. ಸುತ್ತಲಿನ ಕಬ್ಬಿಣ ಚಿಪ್ಪಿಗೆ ಹೋಗುತ್ತಾ ಲೋಹದ ಮಣಿ ಕುಗ್ಗಿದಂತೆ ಅದರಲ್ಲಿನ ನಿಕಲ್‌ನ ಶೇಕಡಾವಾರು ಏರುತ್ತದೆ. ಈ ಮಣಿಯ ಸಾಂದ್ರತೆ ಸುತ್ತಲಿನ ಕರಗಿದ ಆಕ್ಸೈಡ್‌ಗಿಂತ ಹೆಚ್ಚಾದ್ದರಿಂದ, ಗಾಳಿಯ ತಡೆಗೆ ಹನಿಯ ವೇಗ ತಗ್ಗುವಾಗ ಮಣಿ ತನ್ನ ಜಡತ್ವದಿಂದ ಮುಂದಕ್ಕೆ ಜರುಗಿ ಅಂಚಿಗೆ ಬರುತ್ತದೆ, ಕೆಲವೊಮ್ಮೆ ಹೊರಕ್ಕೇ ಚಿಮ್ಮಿಹೋಗುತ್ತದೆ. ಕೊಯ್ದು ನಯಗೊಳಿಸಿದ ಗೋಳವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ, ಅಂಚಿಗೆ ಒತ್ತಿಕೊಂಡ ಹೊಳೆಯುವ ಮಣಿಯೋ, ಮಣಿ ತೊರೆದುಹೋದ ಕುಳಿಯೋ ಕಾಣಸಿಗಬಹುದು. ಉತ್ಕರ್ಷಣೆ (ಆಮ್ಲಜನಕದೊಂದಿಗೆ ಕೂಡುವ ಈ ಕ್ರಿಯೆ) ಇನ್ನೂ ಮುಂದುವರಿದ ಗೋಳಗಳಲ್ಲಿ ನಿಕಲ್ ಕೂಡ ಆಕ್ಸೈಡ್ ಆಗಿ, ಆಮ್ಲಜನಕದೊಂದಿಗೆ ಸುಲಭವಾಗಿ ಕೂಡದ ಪ್ಲಾಟಿನಂ ಗುಂಪಿನ ಲೋಹಗಳ ಅತಿ ಸಣ್ಣ ಗಟ್ಟಿಯಷ್ಟೇ ಉಳಿಯುತ್ತದೆ. ಈ ಸರಣಿ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸುಂದರವೆನಿಸುತ್ತದೆ, ಏಕೆಂದರೆ ಒಂದು ಹನಿ ಎಷ್ಟರ ಮಟ್ಟಿಗೆ ಉತ್ಕರ್ಷಣೆಗೊಂಡಿತೆಂಬುದು ಅದರ ರಚನೆಯಲ್ಲಿಯೇ ದಾಖಲಾಗಿರುತ್ತದೆ.

ಮೂಲದ ಬಗ್ಗೆ ಸ್ವತಂತ್ರ ಪುರಾವೆಯೂ ಇದೆ: ಬಾಹ್ಯಾಕಾಶದಲ್ಲಿ ವಿಶ್ವಕಿರಣಗಳ ಹೊಡೆತದಿಂದ ಹುಟ್ಟುವ ಬೆರಿಲಿಯಂ-10, ಅಲ್ಯೂಮಿನಿಯಂ-26 ಮುಂತಾದ ವಿಕಿರಣಶೀಲ ಐಸೋಟೋಪುಗಳನ್ನು ಸಾಗರತಳದ ಗೋಳಗಳಲ್ಲಿ ಅಳೆಯಲಾಗಿದೆ.

ಸಾಗರತಳದ ಸಂಗ್ರಹದಲ್ಲಿ ಕಬ್ಬಿಣಮಯ ಗೋಳಗಳ ಪಾಲು ದೊಡ್ಡದು ಎಂಬ ಕಾರಣಕ್ಕೆ, ಬೀಳುವ ಧೂಳಿನಲ್ಲಿಯೂ ಅದೇ ಅನುಪಾತವಿದೆ ಎಂದು ಭಾವಿಸಬಾರದು. ಶಿಲಾಮಯ ಗೋಳಗಳನ್ನು ಸಮುದ್ರದ ನೀರು ಕಾಲಕ್ರಮೇಣ ಕರಗಿಸುತ್ತದೆ, ಅಯಸ್ಕಾಂತದ ಆಯ್ಕೆಯೂ ಕಬ್ಬಿಣದ ಕಡೆಗೇ ವಾಲುತ್ತದೆ. ಅಂಟಾರ್ಕ್ಟಿಕಾದ ಹಿಮದಿಂದ ಬೇರ್ಪಡಿಸಿದ ಗೋಳಗಳಲ್ಲಿ ಬಹುಪಾಲು ಶಿಲಾಮಯವೇ.